ಕಿಬ್ಬರ್: ಒಂದು ಬೆಟ್ಟದೂರಿನ ಹವೆ ಮತ್ತು ಜನ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಹೊತ್ತಿನಲ್ಲಿ ಕನ್ನಡ ನಾಡಿನ ವಿಷಯ ಬಿಟ್ಟು ಹಿಮಾಲಯದ ಮೂಲೆಯೊಂದರ ಮಾತೆತ್ತುವುದು ಸರಿಯೆ ಎಂದು ನಮ್ಮ ಕಾರ್ಯದರ್ಶಿಗಳು ಮೊದಲು ಹಿಂದುಮುಂದು ನೋಡಿದರು. ದೆಹಲಿಯ ಅನ್ನ ಉಂಡು ಮೂವತ್ತು ವರ್ಷವಾಯಿತು. ಇಲ್ಲಿಂದ ಉತ್ತರಕ್ಕಿರುವ ನೆರೆಯವರ ಸುದ್ದಿಯನ್ನು ಒಂದು ಸಂಜೆ ಕೇಳಿದರೆ ತಾಯಿ ಭುವನೇಶ್ವರಿ ಮುನಿಸಿಕೊಳ್ಳಲಾರಳು ಎಂದೆ. ಅವರು ನಕ್ಕು ಒಪ್ಪಿದರು, ಇಪ್ಪತ್ತು ನಿಮಿಷ ಮೀರಕೂಡದೆಂಬ ಕರಾರಿನ ಮೇಲೆ.

ಊರಿನ ಹೆಸರು ಕಿಬ್ಬರ್. ಹಿಮಾಚಲ ಪ್ರದೇಶದ ಲಾಹುಲ್-ಸ್ಪಿತಿ ಜಿಲ್ಲೆಯಲ್ಲಿ, ಕಾಜಾ ಎಂಬ ಪೇಟೆಯಿಂದ ಸುಮಾರು 20 ಕಿಲೋಮೀಟರು ಮೇಲೆ, ಸಮುದ್ರಮಟ್ಟದಿಂದ 14,000 ಅಡಿ ಎತ್ತರದಲ್ಲಿದೆ. ನಾನು ತೀರ್ಥಹಳ್ಳಿ ಸೀಮೆಯವನು. ಆಗುಂಬೆಯ ಮಳೆಯಲ್ಲಿ ನೆನೆದು ಬೆಳೆದವನಿಗೆ ಬೆಟ್ಟವೆಂದರೆ ಹಸಿರು, ಜಿಗಣೆ, ಜೀರುಂಡೆ. ಆಗುಂಬೆ ಇರುವುದು ಎರಡು ಸಾವಿರ ಅಡಿಯ ಆಸುಪಾಸಿನಲ್ಲಿ. ಅಲ್ಲಿ ವರ್ಷಕ್ಕೆ ಸರಾಸರಿ 300 ಅಂಗುಲ ಮಳೆ. ಅದರ ಏಳು ಪಟ್ಟು ಎತ್ತರದಲ್ಲಿರುವ ಕಿಬ್ಬರ್‌ನಲ್ಲಿ ಎಷ್ಟು ಮಳೆಯಿರಬಹುದು ಎಂದು ನನ್ನಂತೆ ನೀವೂ ಲೆಕ್ಕ ಹಾಕಿದರೆ ಮೋಸ ಹೋದಿರಿ. ಮುಂಗಾರಿನ ಮೋಡಗಳು ದಕ್ಷಿಣದ ಪರ್ವತಸಾಲುಗಳಿಗೆ ಬಡಿದು ಅಲ್ಲಿಯೇ ಬರಿದಾಗುತ್ತವೆ. ಆಷಾಢದ ಒಂದು ಜೋರು ದಿನ ಆಗುಂಬೆಗೆ ಬೀಳುವಷ್ಟು ಮಳೆ ಸ್ಪಿತಿಗೆ ಸಾಮಾನ್ಯವಾಗಿ ಇಡೀ ಬೇಸಗೆಯಲ್ಲೂ ಬೀಳುವುದಿಲ್ಲ. ಗುಡ್ಡಗಳೆಲ್ಲ ಬೋಳು, ಬೂದಿಬಣ್ಣ. ಹುಡುಕಿದರೆ ಅಲ್ಲೊಂದು ಇಲ್ಲೊಂದು ಮರ.

ನೀರೆಲ್ಲ ಬರುವುದು ಹಿಮದಿಂದ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 25, 30 ಡಿಗ್ರಿ ಕೆಳಗೆ ಇಳಿಯುತ್ತದೆ. ಆಗ ಬಿದ್ದ ಹಿಮ ಮೇಲಿನ ಕಣಿವೆಗಳಲ್ಲಿ ಗಟ್ಟಿಯಾಗಿ ನಿಂತು, ಬೇಸಗೆಯಲ್ಲಿ ಕರಗಿ, ಕೂಲ್ ಎಂದು ಅವರು ಕರೆಯುವ ಸಣ್ಣ ಕಾಲುವೆಗಳಲ್ಲಿ ಹರಿದು ಹೊಲ ಸೇರುತ್ತದೆ. ವರ್ಷಕ್ಕೆ ಒಂದೇ ಬೆಳೆ. ಹಿಂದೆ ಬಾರ್ಲಿ ಮತ್ತು ಕಪ್ಪು ಬಟಾಣಿ ಬೆಳೆಯುತ್ತಿದ್ದರು; ಕೆಲವು ದಶಕಗಳಿಂದ ಹಸಿ ಬಟಾಣಿಯ ಬೇಸಾಯ ಹೆಚ್ಚಿದೆ. ಬಯಲುಸೀಮೆಯಲ್ಲಿ ಬಟಾಣಿ ಇಲ್ಲದ ಕಾಲದಲ್ಲಿ ಇವರದು ಕೊಯ್ಲಿಗೆ ಬರುವುದರಿಂದ ಒಳ್ಳೆಯ ಬೆಲೆ ಸಿಗುತ್ತದೆ. ಆಗಸ್ಟ್ ತಿಂಗಳಲ್ಲಿ ನಮ್ಮ ತಾಯಂದಿರು ಇಲ್ಲಿನ ಮಂಡಿಯಲ್ಲಿ ಬೆಲೆ ಕೇಳಿ ಮುಖ ಸಿಂಡರಿಸುವ ಬಟಾಣಿ ಬಹುಶಃ ಆ ಕಡೆಯಿಂದ ಬಂದದ್ದೇ!

ಇನ್ನು ಜನ. 2011ರ ಜನಗಣತಿಯಲ್ಲಿ ಕಿಬ್ಬರ್‌ನಲ್ಲಿ 77 ಮನೆ, 366 ಜನ. ನಮ್ಮ ಅಪಾರ್ಟ್‌ಮೆಂಟಿನ ಎರಡು ಕಟ್ಟಡಗಳಲ್ಲಿ ಇದಕ್ಕಿಂತ ಹೆಚ್ಚು ಮಂದಿ ಇದ್ದೇವೆ. ಜಿಲ್ಲೆಗೆ ಜಿಲ್ಲೆಯೇ ಹೀಗೆ: ಚದರ ಕಿಲೋಮೀಟರಿಗೆ ಇಬ್ಬರು. ದೆಹಲಿಯಲ್ಲಿ ಆ ಗಣತಿಯಂತೆ 11,000ಕ್ಕೂ ಮೇಲೆ. ಎಣಿಸುವ ಕ್ರಮವೂ ಅಲ್ಲಿ ಬೇರೆ. ದೇಶದ ಉಳಿದೆಡೆ 2011ರ ಮಾರ್ಚ್ 1ನ್ನು ಲೆಕ್ಕದ ದಿನವಾಗಿ ಇಟ್ಟುಕೊಂಡರೆ, ಹಿಮ ಮುಚ್ಚುವ ಇಂಥ ಪ್ರದೇಶಗಳಿಗೆ 2010ರ ಅಕ್ಟೋಬರ್ 1. ಚಳಿಗಾಲ ಹಿಡಿದ ಮೇಲೆ ಗಣತಿದಾರನು ಹತ್ತಲಾರ. ಹತ್ತಿದರೂ ಊರಿನ ಎಷ್ಟೋ ಮಂದಿ ಅಲ್ಲಿರುವುದಿಲ್ಲ.

ಹಳೆಯ ಮೈಸೂರಿನ ಹಿರಿಯರು ಜನಗಣತಿಗೆ ಖಾನೇಷುಮಾರಿ ಎನ್ನುತ್ತಿದ್ದುದು ನಿಮಗೆ ನೆನಪಿರಬಹುದು. ಮನೆಗಳ ಎಣಿಕೆ ಎಂದೇ ಆ ಮಾತಿನ ಅರ್ಥ. ಕಿಬ್ಬರ್‌ಗೆ ಈ ಹಳೆಯ ಪದವೇ ಸರಿಯಾಗಿ ಹೊಂದುತ್ತದೆ. ಏಕೆಂದರೆ ಸ್ಪಿತಿಯವರು ತಲೆತಲಾಂತರದಿಂದ ಎಚ್ಚರ ವಹಿಸಿದ್ದು ಮನೆಗಳು ಹೆಚ್ಚದಂತೆ. ಹಿರಿಯ ಮಗನಿಗೆ ಮನೆ, ಹೊಲ, ಕಾಲುವೆಯ ನೀರಿನ ಪಾಲು. ಅವನ ಮದುವೆಯಾದ ಮೇಲೆ ತಂದೆತಾಯಿ ಖಾಂಗ್‌ಚೆನ್ ಎಂಬ ದೊಡ್ಡ ಮನೆಯನ್ನು ಬಿಟ್ಟು ಖಾಂಗ್‌ಚುಂಗ್ ಎಂಬ ಚಿಕ್ಕ ಮನೆಗೆ ಹೋಗುತ್ತಾರೆ. ಕಿರಿಯ ಗಂಡುಮಕ್ಕಳು ಕೀ ಮಠದಂತಹ ಬೌದ್ಧ ಮಠಗಳಿಗೆ ಭಿಕ್ಷುಗಳಾಗಿ ಹೋಗುತ್ತಾರೆ. ಹಿರಿಯನು ಮಕ್ಕಳಿಲ್ಲದೆ ತೀರಿಕೊಂಡರೆ ತಮ್ಮನು ಕಾವಿ ಕಳಚಿ ಬಂದು ಮನೆ ನಡೆಸಬೇಕು. ಇದನ್ನು ಬರಿಯ ಧರ್ಮಶ್ರದ್ಧೆ ಎಂದುಕೊಂಡರೆ ಅರ್ಧ ಮಾತ್ರ ತಿಳಿದಂತೆ. ಕರಗಿ ಬರುವ ಹಿಮದ ನೀರು ಎಷ್ಟು ಹೊಲಕ್ಕೆ ಸಾಲುತ್ತದೆಯೋ ಅಷ್ಟೇ ಒಲೆಗಳು ಉರಿಯಬೇಕು ಎಂಬ ಲೆಕ್ಕ ಅದರಲ್ಲಿದೆ. ತಮ್ಮಂದಿರ ಪಾಲಿಗೆ ಅದು ಕಠಿಣವಾಗಿಯೇ ಇತ್ತು. ಅದನ್ನು ಮರೆತು ಹೊಗಳುವುದು ನನಗೆ ಸಮ್ಮತವಲ್ಲ.

ಈಗ ಆ ಕಟ್ಟು ಸಡಿಲಿದೆ. ತಮ್ಮಂದಿರೂ ಓದುತ್ತಾರೆ, ಕಾಜಾದಲ್ಲಿ ಹೋಟೆಲು ನಡೆಸುತ್ತಾರೆ, ಟ್ಯಾಕ್ಸಿ ಓಡಿಸುತ್ತಾರೆ. ನೆರೆಯ ಚಿಚಮ್‌ಗೆ ಹೋಗಲು ಮೊದಲು ಆಳವಾದ ಕೊರಕಲಿನ ಮೇಲೆ ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲಲ್ಲಿ ಕುಳಿತು ಎಳೆದುಕೊಳ್ಳಬೇಕಿತ್ತು. 2017ರಲ್ಲಿ ಸೇತುವೆ ಬಂತು. ಆದರೂ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 33,224 ಇದ್ದದ್ದು 2011ಕ್ಕೆ 31,564ಕ್ಕೆ ಇಳಿಯಿತು.

ನಾನು ತಂಗಿದ್ದ ಮನೆಯಲ್ಲಿ ಇದ್ದವರು ಮೇಮೆ, ಎಂದರೆ ಅಜ್ಜ, ಮತ್ತು ಅವರ ಹೆಂಡತಿ. ಚಂಡೀಗಢದಲ್ಲಿ ಕಾಲೇಜು ಓದುವ ಮೊಮ್ಮಗ ರಜೆಗೆ ಬಂದಿದ್ದ; ಅವನ ಹಿಂದಿಯೇ ನಮಗೆ ಸೇತುವೆ. ಕಲ್ಲಿನ ಗೋಡೆ, ಚಪ್ಪಟೆಯಾದ ಮಣ್ಣಿನ ಮಾಳಿಗೆ, ಕೆಳಗೆ ದನಕರುಗಳ ಕೊಟ್ಟಿಗೆ. ಮಾಳಿಗೆಯ ಅಂಚಿನ ಸುತ್ತ ಮುಳ್ಳುಕಟ್ಟಿಗೆ, ಹುಲ್ಲು ಒಟ್ಟಿದ್ದರು. ಚಳಿಗಾಲದಲ್ಲಿ ಬಿದ್ದ ಹಿಮವನ್ನು ಆಗಾಗ ಹತ್ತಿ ಎಳೆದು ಕೆಳಗೆ ತಳ್ಳದಿದ್ದರೆ ಮಾಳಿಗೆ ಸೋರುತ್ತದೆ, ಕುಸಿಯಲೂಬಹುದು. ಅಜ್ಜನಿಗೆ ಎಪ್ಪತ್ತೆರಡು.

"ನಿಮ್ಮ ಊರಲ್ಲಿ ಮಾಡು ಹತ್ತುವವರು ಯಾರು?" ಎಂದು ಅವರು ಮೊಮ್ಮಗನ ಮೂಲಕ ಕೇಳಿದರು.

ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಆಳು ಸಿಗದೆ ನನ್ನ ಅಣ್ಣ ಹೋದ ವರ್ಷ ತಗಡು ಹೊದಿಸಿದ ಸಂಗತಿ ಹೇಳಿದೆ. ನಾನೇಕೆ ಹತ್ತಲಿಲ್ಲ ಎಂದು ಅವರು ಕೇಳಲಿಲ್ಲ. ಮೊಮ್ಮಗ ಒಲೆಗೆ ಬೆರಣಿ ತುಂಬುತ್ತಿದ್ದ. ಪರೀಕ್ಷೆ ಡಿಸೆಂಬರಿನಲ್ಲಿ, ಮುಗಿದೊಡನೆ ಬರುತ್ತೇನೆ ಎಂದ. ಅಜ್ಜಿ ಏನೋ ಅಂದರು. ಅವನು ಅದನ್ನು ನನಗೆ ಹಿಂದಿಯಲ್ಲಿ ಹೇಳಲಿಲ್ಲ.

ಹಿಮ ಕಡಿಮೆಯಾಗಿದೆ ಎಂಬುದು ಅಜ್ಜನ ಇನ್ನೊಂದು ಚಿಂತೆ. ಎಳೆಯುವ ಶ್ರಮ ತಪ್ಪಿತಲ್ಲ ಎಂದು ನಾನು ತಮಾಷೆ ಮಾಡಿದೆ, ಅದು ತಪ್ಪಾಯಿತು. ಹಿಮ ಬೀಳದ ವರ್ಷ ಬೇಸಗೆಯಲ್ಲಿ ಕಾಲುವೆ ಬತ್ತುತ್ತದೆ. ಬಾರ್ಲಿ ಹೇಗೋ ತಡೆದುಕೊಂಡೀತು, ಬಟಾಣಿ ಒಣಗುತ್ತದೆ. ಕಾಲೇಜಿನ ಶುಲ್ಕ ಬರುವುದು ಬಟಾಣಿಯಿಂದ.

ನಮ್ಮವರ ಹೆಸರೂ ಅಲ್ಲಿ ಕೇಳಿಬಂತು. ಮೈಸೂರಿನಲ್ಲಿ 1996ರಲ್ಲಿ ಆರಂಭವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆಯವರು ಹಲವು ವರ್ಷಗಳಿಂದ ಕಿಬ್ಬರ್‌ನಲ್ಲಿ ಹಿಮಚಿರತೆಯ ಕೆಲಸ ಮಾಡುತ್ತಿದ್ದಾರೆ. ಚಿರತೆ ಯಾಕ್ ಕರುವನ್ನೋ ಕುದುರೆಯ ಮರಿಯನ್ನೋ ಹೊತ್ತರೆ ಪರಿಹಾರ ಸಿಗುವಂತೆ ಊರವರೇ ನಡೆಸುವ ವಿಮೆಯ ಏರ್ಪಾಡಿಗೆ ನೆರವಾಗಿದ್ದಾರೆ. ಊರವರು ಮೇವಿನ ನೆಲದಲ್ಲಿ ಒಂದಷ್ಟನ್ನು ಕಾಡುಕುರಿಗಳಿಗೆಂದು ಬಿಟ್ಟಿದ್ದಾರೆ. ಮೈಸೂರು ಎಂದೊಡನೆ ಅಜ್ಜ ಇನ್ನೊಂದು ಬಟ್ಟಲು ಉಪ್ಪು-ಬೆಣ್ಣೆಯ ಚಹ ಸುರಿದರು. ನಾನು ಶಿವಮೊಗ್ಗ ಜಿಲ್ಲೆಯವನೆಂದು ತಿದ್ದಲು ಹೋಗಲಿಲ್ಲ.

ಹೋಗಬೇಕೆನ್ನುವವರಿಗೆ ಎರಡು ಮಾತು. ಮನಾಲಿ, ಕುಂಜುಮ್ ಕಣಿವೆದಾರಿ ತೆರೆದಿರುವುದು ಬೇಸಗೆಯ ಕೆಲವು ತಿಂಗಳು ಮಾತ್ರ. 2020ರಲ್ಲಿ ತೆರೆದ ಅಟಲ್ ಸುರಂಗ ಲಾಹುಲ್‌ಗೆ ಚಳಿಗಾಲದಲ್ಲೂ ದಾರಿ ಮಾಡಿತು, ಆದರೆ ಸ್ಪಿತಿಗೆ ಕುಂಜುಮ್ ಅಡ್ಡವೇ ಇದೆ. ಶಿಮ್ಲಾ, ಕಿನ್ನೌರ್ ದಾರಿ ದೂರವಾದರೂ ನಿಧಾನವಾಗಿ ಹತ್ತುವುದರಿಂದ ಉಸಿರಿಗೆ ಹಿತ. ನೀರು ಅಲ್ಲಿ 86 ಡಿಗ್ರಿಗೇ ಕುದಿಯುವುದರಿಂದ ಕುಕ್ಕರಿಲ್ಲದೆ ಬೇಳೆ ಬೇಯದು. ಹೊಟ್ಟೆಗೆ ಭಯ ಬೇಡ: ಅವರು ತ್ಸಂಪಾ ಎನ್ನುವುದು ಹುರಿದ ಬಾರ್ಲಿಯ ಹಿಟ್ಟು, ನಮ್ಮ ಹುರಿಹಿಟ್ಟಿನ ಖಾಸಾ ತಂಗಿ. ಬರುವಾಗ ಅಜ್ಜಿ ಎರಡು ಸೇರಿನಷ್ಟು ಕಟ್ಟಿಕೊಟ್ಟರು. ಹಿಂದಿನ ಮೇಜಿನ ಮೇಲೆ ಡಬ್ಬಿಯಿದೆ, ಪಕ್ಕದಲ್ಲಿ ಬೆಲ್ಲವನ್ನೂ ತುಪ್ಪವನ್ನೂ ನನ್ನ ಹೆಂಡತಿ ಇಟ್ಟಿದ್ದಾಳೆ. ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ, ನಮಸ್ಕಾರ.