ಶಾಂತ ನಗರದ ವಾಸ

(ಶತಮಾನೋತ್ಸವದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಕಾರವಾರಕ್ಕೆ ಬಂದ ಪರಸ್ಥಳದವರೆಲ್ಲ "ಎಷ್ಟು ಶಾಂತವಾದ ಊರು!" ಎಂದು ಉದ್ಗರಿಸುವರು. ಅದನ್ನು ಕೇಳಿ ನಾವೂ ಹಿಗ್ಗುವೆವು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ ಮೇಲೆ ಜಿಲ್ಲೆಯ ಮುಖ್ಯಸ್ಥಳವಾದ ಈ ನಗರವು ಕಚೇರಿ, ನ್ಯಾಯಾಲಯ, ಬಂದರು ಎಲ್ಲವನ್ನೂ ಪಡೆಯಿತು. ಗದ್ದಲವನ್ನು ಮಾತ್ರ ಕಲಿಯಲಿಲ್ಲ. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಈ ಕಡಲತಡಿಯಲ್ಲಿ ನಾಟಕವೊಂದನ್ನು ಬರೆದರೆಂಬುದನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಇಂದಿಗೂ ಇಗರ್ಜಿಯಲ್ಲಿ ಸಾವಿನ ಘಂಟೆ ಬಾರಿಸಿದರೆ, ಮೀನುಪೇಟೆಯಲ್ಲಿ ಅನ್ಯಧರ್ಮೀಯರೂ "ಯಾರು ಹೋದರು?" ಎಂದು ವಿಚಾರಿಸುತ್ತಾರೆ.

ಆದರೆ ಈ ಶಾಂತಿಯೆಲ್ಲ ಒಂದೇ ಬಗೆಯದಲ್ಲ. ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿದ್ದ ಮೇಲೆ ಕಡಲತಡಿಯ ಹಲವು ಹಳ್ಳಿಗಳ ಜನರು ಮನೆಮಠ ಬಿಟ್ಟು ಏಳಬೇಕಾಯಿತು. ಅವರು ದೋಣಿ ಎಳೆದ ಮರಳು ಈಗ ಬೇಲಿಯ ಒಳಗಿದೆ. ನಮ್ಮ ಯುವಕ ಯುವತಿಯರು ಗೋವೆಗೆ, ಮುಂಬಯಿಗೆ, ಕೊಲ್ಲಿ ದೇಶಗಳಿಗೆ ಹೊರಟುಹೋದರು. ಸಂಜೆ ಏಳರ ಹೊತ್ತಿಗೆ ಕಾಜುಬಾಗದ ಬೀದಿಯಲ್ಲಿ ನಡೆದು ನೋಡಿರಿ: ಎಷ್ಟೋ ದೊಡ್ಡ ಮನೆಗಳಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿರುತ್ತದೆ.

2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಲಾರಿಯೊಡನೆ ನೀರಿಗೆ ಬಿದ್ದ ಚಾಲಕನನ್ನು ಮೀನುಗಾರರೂ ಪೊಲೀಸರೂ ಬದುಕಿಸಿದರು. ಬೆಳಗಾಗುವುದರೊಳಗೆ ಊರಿಗೆ ಊರೇ ಆ ಸುದ್ದಿಯನ್ನು ಬಲ್ಲದು. ಅದೇ ಮಳೆಗಾಲದಲ್ಲಿ ಇನ್ನೊಬ್ಬರು ಬಿದ್ದರು. ಅದು ಯಾರಿಗೂ ತಿಳಿಯಲಿಲ್ಲ.

ಮೂರನೆಯ ಸಾಲಿನ ತುದಿಯಲ್ಲಿ ಕುಳಿತುಕೊಳ್ಳುತ್ತಿದ್ದ ತಾಯಿಯೊಬ್ಬರು ಮೂರು ಭಾನುವಾರ ಪೂಜೆಗೆ ಬರಲಿಲ್ಲ. "ಮಗನ ಬಳಿಗೆ ಮುಂಬಯಿಗೆ ಹೋಗಿರಬೇಕು" ಎಂದೆವು ನಾವು. ನೆರೆಯವರೂ ಹಾಗೆಯೇ ನಂಬಿದರು, ಏಕೆಂದರೆ ಗುರುಗಳೇ ಹಾಗೆಂದಿದ್ದರು! ಕೊನೆಗೆ ಬಾಗಿಲು ತಟ್ಟಿದವಳು ಮೀನು ಮಾರುವ ಹೆಂಗಸು. ಬಚ್ಚಲಲ್ಲಿ ಜಾರಿ ಸೊಂಟಕ್ಕೆ ಪೆಟ್ಟಾಗಿದ್ದ ಆ ತಾಯಿ, ಗೋಡೆ ಹಿಡಿದು ಒಲೆಯವರೆಗೆ ಹೋಗಿ ಗಂಜಿ ಕಾಯಿಸಿಕೊಂಡು ಹದಿನೆಂಟು ದಿನ ಕಳೆದಿದ್ದರು. ಮಗನಿಗೆ ಫೋನಿನಲ್ಲಿ "ಸೌಖ್ಯವೇ" ಎನ್ನುತ್ತಿದ್ದರಂತೆ. ನಮಗೇಕೆ ಹೇಳಿಕಳುಹಿಸಲಿಲ್ಲವೆಂದು ಕೇಳಿದಾಗ, "ಗುರುಗಳಿಗೆ ಯಾಕೆ ತೊಂದರೆ, ಫಾದರ್?" ಎಂದರು. ಇಗರ್ಜಿಯ ಘಂಟೆ ಅವರಿಗೆ ದಿನಕ್ಕೆ ಮೂರು ಸಲ ಕೇಳುತ್ತಿತ್ತು. ಅವರ ಮನೆಗೂ ನಮ್ಮ ಮನೆಗೂ ಹತ್ತು ನಿಮಿಷದ ದಾರಿ.

ಜೆರಿಕೋವಿನ ದಾರಿಯಲ್ಲಿ ಬಿದ್ದವನನ್ನು ಕಂಡೂ ಕಾಣದಂತೆ ಹೋದ ಯಾಜಕನನ್ನು ಕುರಿತು ನಾವು ಈ ಪೀಠದಿಂದ ಎಷ್ಟೋ ಸಲ ಕಟುವಾಗಿ ಪ್ರಬೋಧಿಸಿದ್ದೇವೆ. ಅವನು ಕಂಡಾದರೂ ಹೋದನು. ನಾವು ಕಾಣಲೂ ಇಲ್ಲ.

ಅಂದಿನಿಂದ ನಮ್ಮಲ್ಲಿ ಒಂದು ನೋಟುಪುಸ್ತಕವಿದೆ. ಒಂಟಿಯಾಗಿರುವ ಹಿರಿಯರ ಮನೆಗಳನ್ನು ಬೀದಿವಾರು ಬರೆದಿದ್ದೇವೆ. ಪ್ರತಿ ಮನೆಯ ಎದುರಿಗೆ ವಾರಕ್ಕೆ ಎರಡು ಸಲ ಬಾಗಿಲು ತಟ್ಟುವವರ ಹೆಸರು. ಆ ತಾಯಿಯೇ ಕೋಲೂರಿಕೊಂಡು ಬಂದು ತಮ್ಮ ಬೀದಿಯ ಎರಡು ಮನೆಗಳನ್ನು ಒಪ್ಪಿಕೊಂಡಿದ್ದಾರೆ. ಕೋಡಿಬಾಗ, ಸುಂಕೇರಿ ತುಂಬಿವೆ. ನಂದನಗದ್ದೆಯ ಪುಟದಲ್ಲಿ ಏಳು ಮನೆಗಳ ಎದುರು ಇನ್ನೂ ಖಾಲಿ. ಊಟಕ್ಕೆ ಹೋಗುವ ದಾರಿಯಲ್ಲಿ, ಬಾಗಿಲ ಬಳಿಯ ಮೇಜಿನ ಮೇಲೆ ಪುಸ್ತಕವನ್ನಿಟ್ಟಿದ್ದೇವೆ. ಪೆನ್ನೂ ಅಲ್ಲಿಯೇ ಇದೆ.