ಹಳೆ ಒಲೆಗೆ ನೀಲಿ ಉರಿ

ಚಳ್ಳಕೆರೆಯ ಎಣ್ಣೆ ಗಿರಣಿಯಾಗಲಿ, ಮೊಳಕಾಲ್ಮೂರಿನ ರೇಷ್ಮೆ ಮಗ್ಗವಾಗಲಿ, ಕೆಟ್ಟರೆ ರಿಪೇರಿ ಮಾಡಿಸುತ್ತೇವೆ. ಗ್ಯಾಸ್ ಒಲೆ ಮಾತ್ರ ಸೀದಾ ಗುಜರಿಗೆ! ಅಷ್ಟು ಅವಸರ ಬೇಡ. ಉರಿ ಹಳದಿಯಾಗಿ ಪಾತ್ರೆಯ ತಳ ಮಸಿ ಹಿಡಿಯುತ್ತಿದ್ದರೆ ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಬರ್ನರಿನ ತೂತುಗಳಲ್ಲಿ ಉಕ್ಕಿದ ಹಾಲು, ಅಂಬಲಿ ಕಟ್ಟಿಕೊಂಡಿರುತ್ತದೆ. ಹಿತ್ತಾಳೆ ಬರ್ನರನ್ನು ಹುಣಸೆಹುಳಿ ನೀರಿನಲ್ಲಿ ನೆನೆಸಿ, ಉಜ್ಜಿ, ಪೂರ್ತಿ ಒಣಗಿಸಿ ಕೂರಿಸಿದರೆ ಬಹಳ ಸಲ ನೀಲಿ ಉರಿ ಮರಳುತ್ತದೆ. ನಮ್ಮ ಸೀಮೆಯಲ್ಲಿ ಬರವಿರುವುದು ಮಳೆಗೆ, ಹುಣಸೆಗಲ್ಲ. ಜೆಟ್ಟು, ನಾಬುಗಳನ್ನು ರಿಪೇರಿಯವರಿಗೇ ಬಿಡಿ. ರಬ್ಬರ್ ಪೈಪಿನಲ್ಲಿ ಜಿಪುಣತನ ಸಲ್ಲದು. 5 ವರ್ಷಕ್ಕೊಮ್ಮೆ ಬದಲಿಸಲೇಬೇಕು. ಸೋರಿಕೆ ನೋಡಲು ಕಡ್ಡಿ ಗೀರಬೇಡಿ, ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.