ಸ್ಪಂಜು: ಬಾಯಿಲ್ಲದ ಪ್ರಾಣಿ

ಬ್ಯಾಂಕಿನಲ್ಲಿ ನೋಟು ಎಣಿಸುವವರ ಮೇಜಿನ ಮೇಲೆ, ಪುಟ್ಟ ಬಟ್ಟಲಿನಲ್ಲಿ, ಒದ್ದೆಯಾದ ಮೆತ್ತನೆಯ ತುಂಡೊಂದನ್ನು ನೀವು ಕಂಡಿರಬಹುದು. ಬೆರಳು ತೇವ ಮಾಡಿಕೊಳ್ಳಲು, ಅಂಚೆಚೀಟಿ ನೆನೆಸಲು, ಹಿಂದೆ ಮಕ್ಕಳ ಸ್ಲೇಟು ಒರೆಸಲು ಒದಗಿಬಂದ ಈ ವಸ್ತುವೇ ಸ್ಪಂಜು. ಹೆಸರಿನ ಮೂಲ ಗ್ರೀಕ್ ಭಾಷೆಯದು. ಇಂಗ್ಲಿಷಿನ ಮೂಲಕ ಬಂದು, ಕೊನೆಗೊಂದು ಉಕಾರ ಹಚ್ಚಿಕೊಂಡು ಕನ್ನಡದ್ದೇ ಆಗಿಬಿಟ್ಟಿದೆ. ಈಗ ಅಂಗಡಿಯಲ್ಲಿ ಸಿಗುವ ಸ್ಪಂಜುಗಳಲ್ಲಿ ಬಹುಪಾಲು ಕಾರ್ಖಾನೆಯವು. ಸ್ನಾನಕ್ಕೆ ನಾವು ಬಳಸುವ ತುಪ್ಪದ ಹೀರೆಯ ನಾರು ಬಳ್ಳಿಯ ಕಾಯಿಯದು. ನಿಜವಾದ ಸ್ಪಂಜಾದರೋ ಸಮುದ್ರದಲ್ಲಿ ಬಾಳಿದ ಒಂದು ಪ್ರಾಣಿಯ ಒಡಲಿನ ಹಂದರ.

"ಇದು ಪ್ರಾಣಿಯೇ?" ಎಂದು ನೀವು ಕೇಳಬಹುದು. ಈ ಸಂದೇಹ ಬಹಳ ಹಳೆಯದು. ಅದಕ್ಕೆ ಬಾಯಿಲ್ಲ, ಜಠರವಿಲ್ಲ, ಹೃದಯವಿಲ್ಲ, ನರಗಳೂ ಇಲ್ಲ. ಬಂಡೆಗೆ ಅಂಟಿಕೊಂಡು ಕದಲದೆ ಕುಳಿತಿರುತ್ತದೆ. ಕೀಳಹೋದರೆ ಅದು ಕುಗ್ಗಿಕೊಳ್ಳುತ್ತದೆಂಬ ಮಾತನ್ನು ಅರಿಸ್ಟಾಟಲನೇ ಬರೆದಿಟ್ಟಿದ್ದರೂ, ಬಹುಕಾಲ ಅನೇಕರು ಅದನ್ನು ಗಿಡವೆಂದೇ ಎಣಿಸಿದ್ದರು. ೧೮೨೫ರ ಸುಮಾರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಗ್ರಾಂಟ್ ಎಂಬ ವಿದ್ವಾಂಸರು ಜೀವಂತ ಸ್ಪಂಜಿನ ದೊಡ್ಡ ರಂಧ್ರದಿಂದ ನೀರು ಎಡೆಬಿಡದೆ ಚಿಮ್ಮುವುದನ್ನು ಕಂಡು ವಿವರವಾಗಿ ಬರೆದರು.

ಅದರ ಬದುಕಿನ ಗುಟ್ಟು ಇರುವುದು ಈ ನೀರಿನಲ್ಲಿಯೇ. ಮೈತುಂಬ ಇರುವ ಸಣ್ಣ ರಂಧ್ರಗಳಿಂದ ನೀರು ಒಳಕ್ಕೆ ಬರುತ್ತದೆ. ಒಳಗಿನ ಕೋಣೆಗಳಲ್ಲಿ ಚಾವಟಿಯಂಥ ಎಳೆಯುಳ್ಳ ಜೀವಕೋಶಗಳು ಸಾಲುಗಟ್ಟಿವೆ. ಅವು ಚಾವಟಿ ಬೀಸಿ ನೀರನ್ನು ನೂಕುತ್ತವೆ; ಅದರಲ್ಲಿರುವ ಬ್ಯಾಕ್ಟೀರಿಯ ಮೊದಲಾದ ಸೂಕ್ಷ್ಮ ಆಹಾರವನ್ನು ಹಿಡಿದು ನುಂಗುತ್ತವೆ. ಶೋಧಿತವಾದ ನೀರು ದೊಡ್ಡ ರಂಧ್ರದಿಂದ ಹೊರಬೀಳುತ್ತದೆ. ಬೆರಳುದ್ದದ ಒಂದು ಸ್ಪಂಜು ದಿನಕ್ಕೆ ೨೦ ಲೀಟರಿಗೂ ಮಿಕ್ಕಿ ನೀರನ್ನು ಹೀಗೆ ಸೋಸಬಲ್ಲದು! ೧೯೦೭ರಲ್ಲಿ ಅಮೆರಿಕದ ವಿಲ್ಸನ್ ಎಂಬವರು ಸ್ಪಂಜನ್ನು ರೇಷ್ಮೆ ಬಟ್ಟೆಯಲ್ಲಿ ಹಿಂಡಿ ಬಿಡಿಬಿಡಿ ಜೀವಕೋಶಗಳನ್ನಾಗಿ ಮಾಡಿದರು. ಆ ಕೋಶಗಳು ತೆವಳಿ ಬಂದು ಮತ್ತೆ ಕೂಡಿಕೊಂಡು ಹೊಸ ಸ್ಪಂಜಾದವು.

ನಮ್ಮ ಕೈಗೆ ಬರುವ ಮುನ್ನ ಸ್ಪಂಜು ಕಪ್ಪಗೆ, ಲೋಳೆಲೋಳೆಯಾಗಿರುತ್ತದೆ. ಅದನ್ನು ಕೊಳೆಯಿಸಿ, ಬಡಿದು, ತೊಳೆದರೆ ಮಾಂಸಭಾಗ ಹೋಗಿ ಮೃದುವಾದ ನಾರಿನ ಜಾಲ ಉಳಿಯುತ್ತದೆ. ಆ ಜಾಲದ ಸಂದುಗಳೇ ನೀರನ್ನು ಹೀರಿ ಹಿಡಿದಿಡುವುದು. ಎಲ್ಲ ಸ್ಪಂಜುಗಳೂ ಇದಕ್ಕೆ ಒದಗವು. ಅನೇಕ ಜಾತಿಗಳ ಮೈಯಲ್ಲಿ ಸುಣ್ಣದ ಇಲ್ಲವೆ ಗಾಜಿನಂಥ ಸಿಲಿಕದ ಮುಳ್ಳುಗಳಿರುತ್ತವೆ.

ಈ ಮೃದುವಸ್ತುವಿಗಾಗಿ ಮನುಷ್ಯರು ತೆತ್ತ ಬೆಲೆ ಮಾತ್ರ ಕಠಿಣವಾದುದು. ಗ್ರೀಸ್ ದೇಶದ ಕಾಲಿಮ್ನೋಸ್ ದ್ವೀಪದವರು ಭಾರವಾದ ಚಪ್ಪಟೆ ಕಲ್ಲು ಹಿಡಿದು, ಒಂದೇ ಉಸಿರಿನಲ್ಲಿ ಸಮುದ್ರಕ್ಕೆ ಮುಳುಗಿ ಸ್ಪಂಜು ಕೀಳುತ್ತಿದ್ದರು. ೧೮೬೦ರ ದಶಕದಲ್ಲಿ ಮೇಲಿನಿಂದ ಗಾಳಿ ಒದಗಿಸುವ ಮುಳುಗುಡುಪು ಬಂತು. ಇನ್ನೂ ಆಳಕ್ಕೆ ಹೋಗಿ ಹೆಚ್ಚು ಹೊತ್ತು ಇರುವುದು ಸಾಧ್ಯವಾಯಿತು, ಸಂಪಾದನೆಯೂ ಹೆಚ್ಚಿತು. ಆದರೆ ಆಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು, ಮನುಷ್ಯ ಬೇಗ ಮೇಲೇರಿದರೆ, ಗುಳ್ಳೆಗಳಾಗಿ ಹೊರಡುತ್ತದೆಂಬುದು ಅವರಿಗೆ ತಿಳಿದಿರಲಿಲ್ಲ. ಗಟ್ಟಿಮುಟ್ಟಾದ ಯುವಕರು ಸತ್ತರು. ಬದುಕುಳಿದವರಲ್ಲಿ ಎಷ್ಟೋ ಮಂದಿ ಕಾಲು ಸ್ವಾಧೀನವಿಲ್ಲದವರಾದರು. ಎಷ್ಟು ನಿಧಾನವಾಗಿ ಮೇಲೇರಬೇಕೆಂಬ ಲೆಕ್ಕದ ಕೋಷ್ಟಕವನ್ನು ಬ್ರಿಟನ್ನಿನ ಹಾಲ್ಡೇನರು ಮತ್ತು ಅವರ ಸಂಗಡಿಗರು ಪ್ರಕಟಿಸಿದ್ದು ೧೯೦೮ರಲ್ಲಿ. ಅಷ್ಟರಲ್ಲಿ ನಲವತ್ತು ವರ್ಷಗಳು ಕಳೆದುಹೋಗಿದ್ದವು. ಯಂತ್ರ ಮೊದಲು ಬಂದು ತಿಳಿವಳಿಕೆ ಹಿಂದೆ ಬಂದರೆ ಆಗುವ ಅನರ್ಥಕ್ಕೆ ಇದೊಂದು ನಿದರ್ಶನ.

ಸ್ಪಂಜುಗಳಿಗೂ ಆಪತ್ತು ತಪ್ಪಲಿಲ್ಲ. ೧೯೩೮–೩೯ರಲ್ಲಿ ಬಹಾಮ ದ್ವೀಪಗಳ ಮತ್ತು ಫ್ಲಾರಿಡದ ಕಡಲಿನಲ್ಲಿ ಹರಡಿದ ರೋಗದಿಂದ ವ್ಯಾಪಾರದ ಸ್ಪಂಜುಗಳಲ್ಲಿ ಬಹುಭಾಗ ನಾಶವಾಯಿತು. ಬುಡವನ್ನು ಬಂಡೆಯಲ್ಲಿಯೇ ಬಿಟ್ಟು ಕೊಯ್ದರೆ ಸ್ಪಂಜು ಮತ್ತೆ ಬೆಳೆಯುತ್ತದೆ. ಹುಲ್ಲು ಕೊಯ್ಯುವ ರೈತನಿಗೆ ಈ ನೀತಿಯನ್ನು ಹೇಳಿಕೊಡಬೇಕಾಗಿಲ್ಲ.

ಇದರಿಂದ ಬಂದ ಇನ್ನೊಂದು ಉಪಕಾರವನ್ನು ಹೇಳಲೇಬೇಕು. ೧೯೫೦ರ ಸುಮಾರಿಗೆ ಫ್ಲಾರಿಡದ ಕಡಲಿನ ಒಂದು ಸ್ಪಂಜಿನಲ್ಲಿ ವರ್ನರ್ ಬರ್ಗ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಕೆಲವು ಅಪೂರ್ವ ವಸ್ತುಗಳನ್ನು ಕಂಡರು. ಅವುಗಳ ಜಾಡಿನಲ್ಲಿ ತಯಾರಾದ ಸೈಟರಬಿನ್ ಎಂಬ ಔಷಧ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಇಂದಿಗೂ ಬಳಕೆಯಲ್ಲಿದೆ.

ಸ್ಪಂಜನ್ನು ಕಾಣಲು ಕಡಲಿಗೇ ಹೋಗಬೇಕೆಂದಿಲ್ಲ. ನಮ್ಮ ದೇಶದ ಕೆರೆಕುಂಟೆಗಳಲ್ಲಿಯೂ ಸಿಹಿನೀರಿನ ಸಣ್ಣ ಜಾತಿಗಳುಂಟು. ಕಲ್ಲಿಗೆ, ಮುಳುಗಿದ ಕೊಂಬೆಗೆ ಹಚ್ಚಿದ ಹಾವಸೆಯಂತೆ ಕಾಣುತ್ತವೆ. ನೀರು ಬತ್ತಿದಾಗ ಬೀಜದಂಥ ಗಟ್ಟಿ ಗುಳಿಗೆಗಳನ್ನು ಉಳಿಸಿ ಸಾಯುತ್ತವೆ. ಮಳೆ ಬಂದೊಡನೆ ಅವುಗಳಿಂದ ಮತ್ತೆ ಹುಟ್ಟುತ್ತವೆ. ಮುಂದಿನ ಸಲ ಕೆರೆಯ ದಂಡೆಗೆ ಹೋದಾಗ, ನಿಮ್ಮ ಮಕ್ಕಳನ್ನು ಜೊತೆಗೆ ಕರೆದುಕೊಂಡು, ಒಂದು ಕಲ್ಲನ್ನು ಮಗುಚಿ ನೋಡಿರಿ. ನೋಡಿಯಾದ ಮೇಲೆ ಅದನ್ನು ಇದ್ದಂತೆಯೇ ಇಟ್ಟು ಬನ್ನಿರಿ.